ಕೊಳಚೆ ನೀರಿನ ಘಟಕ: ಹೊಸ ತೊಟ್ಟಿ ಕಟ್ಟುವ ಮುನ್ನ

ಪ್ರಶ್ನೆ: ನಾನು ನಗರಸಭೆಯ ಸದಸ್ಯ. ದಿನಕ್ಕೆ 10 ಎಂಎಲ್‌ಡಿ (1 ಕೋಟಿ ಲೀಟರ್) ಸಾಮರ್ಥ್ಯದ ನಮ್ಮ ಕೊಳಚೆ ನೀರು ಸಂಸ್ಕರಣಾ ಘಟಕಕ್ಕೆ ಈಗ 14 ಎಂಎಲ್‌ಡಿ ಬರುತ್ತಿದೆ. ಬೆಳಗಿನ ಹೊತ್ತು ಮಾತ್ರ ಹೊರಹೋಗುವ ನೀರಿನಲ್ಲಿ ಕಂದು ಕೆಸರು ಕಾಣುತ್ತದೆ. ಇನ್ನೊಂದು ಏರೇಷನ್ ಟ್ಯಾಂಕ್ (ಗಾಳಿ ಊದಿ, ಬ್ಯಾಕ್ಟೀರಿಯಾಗಳಿಂದ ಕೊಳೆಯನ್ನು ಕರಗಿಸುವ ತೊಟ್ಟಿ) ಕಟ್ಟಿದರೆ ಸಾಕೆನ್ನುತ್ತಾರೆ. ಕುಡಿಯುವ ನೀರಿನ ಘಟಕವನ್ನು ವಿಸ್ತರಿಸುವ ಪ್ರಸ್ತಾವವೂ ಇದೆ. ಯಾವುದು ಮೊದಲಾಗಬೇಕು?

ಉತ್ತರ: ‘ಬೆಳಗಿನ ಹೊತ್ತು ಮಾತ್ರ’ ಎಂದಿರುವುದರಲ್ಲೇ ಸುಳಿವಿದೆ. ಗಾಳಿ ಸಾಲದಿದ್ದರೆ ಹೊರಹೋಗುವ ನೀರಿನಲ್ಲಿ ಅಮೋನಿಯಾ ಏರುತ್ತದೆ. ಹರಿವು ಹೆಚ್ಚಿದಾಗಲಷ್ಟೇ ಕೆಸರು ಉಕ್ಕುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೆಸರು ತಂಗುವ ಕ್ಲಾರಿಫೈಯರ್ ತೊಟ್ಟಿಯನ್ನು. ಉದಾಹರಣೆಗೆ, 24 ಮೀಟರ್ ವ್ಯಾಸದ ಒಂದೇ ಕ್ಲಾರಿಫೈಯರ್‌ನಲ್ಲಿ 10 ಎಂಎಲ್‌ಡಿ ಹರಿದಾಗ ನೀರು ಗಂಟೆಗೆ ಸುಮಾರು 0.9 ಮೀಟರ್ ವೇಗದಲ್ಲಿ ಮೇಲೇರುತ್ತದೆ. ಹರಿವು 14 ಎಂಎಲ್‌ಡಿ ಆಗಿ, ಬೆಳಗ್ಗೆ ಅದು ಸರಾಸರಿಯ ಇಮ್ಮಡಿಗೆ ಏರಿದರೆ ಆ ವೇಗ 2.6 ಮೀಟರ್ ಆಗುತ್ತದೆ. ಅಷ್ಟು ವೇಗವಾಗಿ ಕೆಳಗಿಳಿಯಲಾರದ ಕೆಸರು ನೀರಿನೊಂದಿಗೇ ಅಂಚು ದಾಟುತ್ತದೆ.

ಟೆಂಡರ್ ಕರೆಯುವ ಮೊದಲು ಒಂದು ಸರಳ ಪರೀಕ್ಷೆ ಮಾಡಿಸಿ. ಏರೇಷನ್ ಟ್ಯಾಂಕ್‌ನ ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ 30 ನಿಮಿಷ ಅಲುಗಿಸದೆ ಇಡಬೇಕು. ಕೆಸರು 250 ಮಿಲಿಲೀಟರ್ ಗುರುತಿನ ಆಸುಪಾಸಿಗೆ ಇಳಿದು ಮೇಲಿನ ನೀರು ತಿಳಿಯಾದರೆ ಕೆಸರು ಚೆನ್ನಾಗಿದೆ, ಕ್ಲಾರಿಫೈಯರ್‌ನ ವಿಸ್ತೀರ್ಣ ಸಾಲದಾಗಿದೆ ಎಂದು ಹೆಚ್ಚುಕಡಿಮೆ ಹೇಳಬಹುದು. 700ರ ಗುರುತಿನಲ್ಲೇ ನಿಂತರೆ ಕೆಸರು ಅತಿಯಾಗಿ ಸೇರಿದೆ, ಇಲ್ಲವೇ ನೂಲಿನಂಥ ಬ್ಯಾಕ್ಟೀರಿಯಾ ಬೆಳೆದು ಅದು ಉಬ್ಬಿದೆ. ಅದಕ್ಕೆ ಕಾಂಕ್ರೀಟು ಮದ್ದಲ್ಲ.

ಹೊಸ ಏರೇಷನ್ ಟ್ಯಾಂಕ್ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅದರಿಂದ ಕೆಸರು ತೆಳುವಾಗಿ ಬೇಗ ಇಳಿಯುತ್ತದೆ, ಆದರೆ ಅದು ದುಬಾರಿಯ ಸುತ್ತುದಾರಿ. ಜಾಗವಿದ್ದರೆ ಇನ್ನೊಂದು ಕ್ಲಾರಿಫೈಯರ್ ಕಟ್ಟುವುದೇ ನೇರವಾದ ಪರಿಹಾರ. ಜಾಗವಿಲ್ಲದಿದ್ದರೆ ಈಗಿನ ಟ್ಯಾಂಕಿನಲ್ಲೇ ಪ್ಲಾಸ್ಟಿಕ್ ಬಿಲ್ಲೆಗಳನ್ನು ತೇಲಿಬಿಡಬಹುದು. ಅವುಗಳಿಗೆ ಅಂಟಿ ಬೆಳೆಯುವ ಬ್ಯಾಕ್ಟೀರಿಯಾ ಕ್ಲಾರಿಫೈಯರ್‌ಗೆ ಹೊರೆಯಾಗುವುದಿಲ್ಲ. ಕೆಸರನ್ನು ತಡೆದು ನೀರನ್ನಷ್ಟೇ ಬಿಡುವ ಸೂಕ್ಷ್ಮ ಜರಡಿಯಾದ ಮೆಂಬ್ರೇನ್ ಅಳವಡಿಸಿದರೆ ಕ್ಲಾರಿಫೈಯರ್ ಬೇಕಾಗದು, ಆದರೆ ವಿದ್ಯುತ್ ಹೆಚ್ಚು ಬೇಕು, ಹರಿವಿನ ಏರಿಳಿತವನ್ನೂ ಅದು ಅಷ್ಟಾಗಿ ತಾಳದು. ಯಾವುದನ್ನು ಆರಿಸಿದರೂ ಗಾಳಿ ಊದುವ ಬ್ಲೋವರ್‌ಗಳ ಲೆಕ್ಕ ಮರೆಯಬಾರದು: ಅಮೋನಿಯಾ ರೂಪದ ಒಂದು ಕಿಲೋ ಸಾರಜನಕವನ್ನು ನೈಟ್ರೇಟ್ ಆಗಿಸಲು ಸುಮಾರು 4.6 ಕಿಲೋ ಆಮ್ಲಜನಕ ಬೇಕು.

ಇನ್ನು ಯಾವುದು ಮೊದಲು ಎಂಬುದು. ಮನೆಗಳಿಗೆ ಕೊಟ್ಟ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಮರಳುತ್ತದೆಂದು ವಿನ್ಯಾಸಕಾರರು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಈಗಾಗಲೇ ಉಕ್ಕುತ್ತಿರುವ ಘಟಕವನ್ನು ಸರಿಪಡಿಸದೆ ನೀರಿನ ಪೂರೈಕೆ ಹೆಚ್ಚಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು ಕ್ರಮ. ಜೊತೆಗೆ, ಕೆಸರು ಹಿಂಡುವ ಯಂತ್ರಗಳ ಸಾಮರ್ಥ್ಯವನ್ನೂ ಇದೇ ಅಂದಾಜುಪಟ್ಟಿಯಲ್ಲಿ ಸೇರಿಸಿ. ಅವು ಸಾಲದಿದ್ದರೆ ಹೊರಹಾಕಲಾಗದ ಕೆಸರು ಟ್ಯಾಂಕಿನಲ್ಲೇ ಉಳಿದು, ಹೊಸ ಕ್ಲಾರಿಫೈಯರ್‌ನ ಅಂಚನ್ನೂ ದಾಟುತ್ತದೆ.