ಪಾಳಿ ವ್ಯಂಜನಗಳನ್ನು ಐಪಿಎಯಲ್ಲಿ ಬರೆಯುವುದು ಹೇಗೆ?

ಪಾಳಿ ವ್ಯಂಜನಗಳ ಸಾಂಪ್ರದಾಯಿಕ ಉಚ್ಚಾರಣೆಯನ್ನು ಐಪಿಎ (ಯಾವ ಭಾಷೆಯ ಸದ್ದನ್ನಾದರೂ ಬರೆಯಲು ಬಳಸುವ ಅಂತರರಾಷ್ಟ್ರೀಯ ಧ್ವನಿಲಿಪಿ) ಗುರುತುಗಳಲ್ಲಿ ಹೇಗೆ ತೋರಿಸುವುದು ಎಂದು ಕೇಳಿದ್ದೀರಿ. ನಾನೂ ಒಮ್ಮೆ ‘ಬುದ್ಧಂ ಸರಣಂ ಗಚ್ಛಾಮಿ’ಯನ್ನು ಹಾಗೆ ಬರೆಯಲು ಕೂತು ಮೊದಲ ಪದದಲ್ಲೇ ನಿಂತುಬಿಟ್ಟೆ. ಯಾರ ಬಾಯಿಯ ಉಚ್ಚಾರಣೆ ಬರೆಯಲಿ? ಥಾಯ್ಲೆಂಡಿನ ಭಿಕ್ಷುಗಳು ಹೆಚ್ಚುಕಡಿಮೆ ‘ಫುತ್ಥಂಗ್ ಸರನಂಗ್ ಖಚ್ಛಾಮಿ’ ಎನ್ನುತ್ತಾರೆ. ಬರ್ಮಾದಲ್ಲಿ ಸ ಇದ್ದ ಕಡೆ ಇಂಗ್ಲಿಷಿನ ‘ಥಿಂಕ್’ ಪದದ ಮೊದಲ ಸದ್ದು ಬರುತ್ತದೆ, ಚ ಇದ್ದ ಕಡೆ ಸ ಬರುತ್ತದೆ. ಎರಡೂ ಸಂಪ್ರದಾಯವೇ. ಅದಕ್ಕೇ ಎರಡು ಸಾಲು ಬರೆಯಿರಿ. ವ್ಯಾಕರಣ ಹೇಳುವ ಧ್ವನಿ ಓರೆಗೆರೆಗಳ ನಡುವೆ ಇರಲಿ, ಕಿವಿಗೆ ಬಿದ್ದದ್ದು ಚೌಕ ಕಂಸದೊಳಗೆ ಇರಲಿ.

ಮೊದಲ ಸಾಲು ನಮಗೆ ಸುಲಭ. ಪಾಳಿಯ ಹಳೆಯ ವ್ಯಾಕರಣ ಗ್ರಂಥವಾದ ಕಚ್ಚಾಯನ ವ್ಯಾಕರಣ ಎಣಿಸುವ 33 ವ್ಯಂಜನಗಳಿಗೂ ಕನ್ನಡದಲ್ಲಿ ಅಕ್ಷರವಿದೆ, ಳ ಕೂಡ ಸೇರಿ. ಹದಿನಾರಕ್ಕೆ ಪಾಳಿಯಲ್ಲಿ ‘ಸೋಳಸ’ ಅನ್ನುತ್ತಾರೆ, ಆ ಳ ನಮಗೆ ಎಷ್ಟು ಹತ್ತಿರ ಅನ್ನಿಸುತ್ತದೆ ಅಲ್ವಾ? ಶ, ಷ ಮಾತ್ರ ಪಾಳಿಯಲ್ಲಿಲ್ಲ. ‘ಶರಣಂ’ ಎಂದು ಬರೆಯಬೇಡಿ.

ಜಾಸ್ತಿ ತಪ್ಪಾಗುವುದು ಅನುನಾಸಿಕಗಳಲ್ಲಿ. ಙ, ಞ, ಣಗಳ ಐಪಿಎ ಗುರುತು ಮೂರೂ ಎನ್ ಅಕ್ಷರದಂತೆಯೇ ಕಾಣುತ್ತವೆ, ಕೊಕ್ಕೆ ನೋಡಿ ಗುರುತಿಸಬೇಕು. ಎಡಗಾಲಿಗೆ ಕೊಕ್ಕೆ ಇದ್ದರೆ ಞ. ಬಲಗಾಲಿನ ಕೊಕ್ಕೆ ಹೊರಕ್ಕೆ ಬಾಗಿದ್ದರೆ ಣ, ಒಳಕ್ಕೆ ಬಾಗಿದ್ದರೆ ಙ. ಮಹಾಪ್ರಾಣಕ್ಕೂ ಎರಡು ಗುರುತಿವೆ. ಖ, ಥ, ಫಗಳಿಗೆ ಮೇಲೆ ಪುಟ್ಟ ಎಚ್ ಸಾಕು. ಘ, ಧ, ಭಗಳಿಗೆ ತಲೆ ಬಾಗಿದ ಎಚ್ ಬೇಕು, ಯಾಕೆಂದರೆ ಅಲ್ಲಿ ಉಸಿರಿನ ಜೊತೆ ಕಂಠವೂ ಕಂಪಿಸುತ್ತದೆ. ‘ಬುದ್ಧ’ದಲ್ಲಿ ಆ ಗುರುತು ಎರಡನೇ ದಕಾರಕ್ಕೆ ಮಾತ್ರ.

ಇನ್ನು ಅನುಸ್ವಾರ, ಪಾಳಿಯಲ್ಲಿ ಅದು ನಿಗ್ಗಹೀತ. ಮೂರು ಪದಗಳನ್ನೂ ಒಂದೇ ಉಸಿರಿಗೆ ಗಟ್ಟಿಯಾಗಿ ಹೇಳಿ ನೋಡಿ. ‘ಸರಣಂ ಗಚ್ಛಾಮಿ’ಯಲ್ಲಿ ಮುಂದೆ ಗ ಇರುವುದರಿಂದ ನಾಲಿಗೆ ತಾನಾಗಿಯೇ ಙ ಅನ್ನುತ್ತದೆ. ‘ಬುದ್ಧಂ ಸರಣಂ’ನಲ್ಲಿ ಕನ್ನಡದ ಬಾಯಿ ತುಟಿ ಮುಚ್ಚಿ ಮ್ ಅನ್ನುತ್ತದೆ. ಶ್ರೀಲಂಕಾ, ಥಾಯ್ಲೆಂಡ್ ಪಠಣದಲ್ಲಿ ಎರಡು ಕಡೆಯೂ ಙ ಕೇಳಿಸುತ್ತದೆ. ಹಾಗಾಗಿ ಆ ಪಠಣ ಬರೆಯುವಾಗ ಎರಡು ಕಡೆಯೂ ಒಳಗೊಕ್ಕೆಯ ಎನ್ ಹಾಕಿ.

ನೀವು ಕೇಳುತ್ತಿರುವುದು ಯಾವ ದೇಶದ ಪಠಣ ಎಂದು ತಿಳಿಸಿ, ಎರಡನೇ ಸಾಲನ್ನೂ ಪೂರ್ತಿ ಬರೆದುಕೊಡುತ್ತೇನೆ.