ಬೇಯಿಸದೆ ಕಟ್ಟುವ ಉಂಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಓವನ್ ಬಳಸದೆ, ಸಕ್ಕರೆ ಪಾಕ ಹಿಡಿಯುವ ಗೋಜಿಗೂ ಹೋಗದೆ, ಓಟ್ಸ್, ಖರ್ಜೂರ ಮತ್ತು ಬೀಜಗಳನ್ನು ಕಲಸಿ ಕಟ್ಟುವ ಉಂಡೆಗಳ ಬಗ್ಗೆ ಬಂದಿರುವ ಪ್ರಶ್ನೆಗಳಲ್ಲಿ ಆರನ್ನು ಆಯ್ದುಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಓಟ್ಸ್, ಪೀನಟ್ ಬಟರ್ ಮತ್ತು ಜೇನುತುಪ್ಪ ಕಲಸಿ ಉಂಡೆ ಮಾಡಲು ಹೋದರೆ ಒಮ್ಮೆ ಮಿಶ್ರಣ ಉದುರುದುರಾಗಿ ಕೈಗೇ ಸಿಗುವುದಿಲ್ಲ, ಇನ್ನೊಮ್ಮೆ ಬೆರಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಸರಿಯಾದ ಅಳತೆ ತಿಳಿಸುವಿರಾ?

ಉತ್ತರ: ಅಳತೆಯನ್ನು ಹೇಳುತ್ತೇನೆ, ಆದರೆ ನಿಮ್ಮ ತೊಂದರೆಗೆ ಅಳತೆಗಿಂತ ಆತುರವೇ ಹೆಚ್ಚು ಕಾರಣವಿರಬೇಕೆಂದು ನನ್ನ ಅನುಮಾನ. 100 ಗ್ರಾಂ ಓಟ್ಸ್, 120 ಗ್ರಾಂ ಪೀನಟ್ ಬಟರ್, 80 ಗ್ರಾಂ ಜೇನುತುಪ್ಪ, 20 ಗ್ರಾಂ ಅಗಸೆ ಬೀಜದ ಪುಡಿ, 30 ಗ್ರಾಂ ಸಣ್ಣಗೆ ಕತ್ತರಿಸಿದ ಚಾಕೊಲೇಟ್ ಮತ್ತು ಒಂದು ಚಿಟಿಕೆ ಉಪ್ಪು ತೆಗೆದುಕೊಂಡರೆ ಒಟ್ಟು 350 ಗ್ರಾಂ ಮಿಶ್ರಣವಾಗುತ್ತದೆ. 20 ಗ್ರಾಂ ತೂಕದ, ಮೂರು ಸೆಂಟಿಮೀಟರಿಗಿಂತ ತುಸು ದಪ್ಪನೆಯ ಹದಿನೇಳು ಉಂಡೆಗಳು ಅದರಲ್ಲಿ ಸಿಗುತ್ತವೆ. ಚಪ್ಪಟೆಯಾಗಿ ಒತ್ತಿದ ಓಟ್ಸನ್ನೇ ಬಳಸಿರಿ. ಕಾಳನ್ನು ಕತ್ತರಿಸಿ ಮಾಡಿದ ತುಂಡು ಓಟ್ಸ್ ಬೇಯಿಸದ ಹೊರತು ಮೆತ್ತಗಾಗುವುದಿಲ್ಲ, ಹಲ್ಲಿಗೆ ಮರಳಿನಂತೆ ಸಿಗುತ್ತದೆ.

ಮೊದಲು ಪೀನಟ್ ಬಟರ್ ಮತ್ತು ಜೇನುತುಪ್ಪವನ್ನು ಒಂದೇ ಬಣ್ಣ ಬರುವವರೆಗೆ ಕಲಸಿ, ಅನಂತರ ಒಣ ಪದಾರ್ಥಗಳನ್ನು ಹಾಕಬೇಕು. ಕಲಸಿದ ಕೂಡಲೇ ನೋಡಿದರೆ ಮಿಶ್ರಣ ಜಿಗುಟಾಗಿ, ಹೊಳಪಾಗಿ, ಸೌಟನ್ನು ಬಿಡದಂತೆ ಇರುತ್ತದೆ, ಮತ್ತು ಇದನ್ನು ಕಂಡು ಗಾಬರಿಯಾಗಿ ಇನ್ನೊಂದು ಹಿಡಿ ಓಟ್ಸ್ ಸುರಿಯುವುದೇ ಬಹಳ ಜನ ಮಾಡುವ ತಪ್ಪು. ಪಾತ್ರೆಯನ್ನು ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಓಟ್ಸ್ ಮತ್ತು ಅಗಸೆ ಪುಡಿ ಜೇನುತುಪ್ಪದಲ್ಲಿರುವ ತೇವವನ್ನು ಹೀರಿಕೊಂಡು ಉಬ್ಬುತ್ತವೆ, ಜೇನು ಮತ್ತು ಪೀನಟ್ ಬಟರ್ ಎರಡೂ ತಂಪಿಗೆ ಗಟ್ಟಿಯಾಗುತ್ತವೆ. ಮೊದಲೇ ಓಟ್ಸ್ ಹೆಚ್ಚು ಹಾಕಿದ್ದರೆ ಇದೇ ಅರ್ಧ ಗಂಟೆಯಲ್ಲಿ ಆ ಮಿಶ್ರಣ ಒಣಗಿ ಉದುರಾಗುತ್ತದೆ. ನಿಮಗೆ ಎದುರಾಗಿರುವ ಎರಡು ತೊಂದರೆಗಳೂ ಹೀಗೆ ಒಂದೇ ಬೇರಿನವು.

ಫ್ರಿಜ್‌ನಿಂದ ತೆಗೆದ ಮೇಲೆ ಒಂದು ಚಮಚದಷ್ಟನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ, ಬೆರಳು ಬಿಡಿಸಿ ನೋಡಿರಿ. ಬೆರಳಿನ ಗುರುತುಗಳು ಮೂಡಿ, ಅಂಚಿನಲ್ಲಿ ಬಿರುಕಿಲ್ಲದೆ ಒಂದೇ ಮುದ್ದೆಯಾಗಿ ನಿಂತರೆ ಹದ ಬಂದಿದೆಯೆಂದು ತಿಳಿಯಬಹುದು. ಬಿರುಕು ಬಿಟ್ಟರೆ ಒಂದು ಚಮಚ ಜೇನುತುಪ್ಪ, ಮೆತ್ತಿಕೊಂಡರೆ ಒಂದು ಚಮಚ ಓಟ್ಸ್ ಪುಡಿ ಸೇರಿಸಿ, ಮತ್ತೆ ಹತ್ತು ನಿಮಿಷ ಕಾಯಬೇಕು. ನೀರನ್ನು ಮಾತ್ರ ಹಾಕಬೇಡಿ. ಎಣ್ಣೆಯಂಶ ತುಂಬಿರುವ ಪೀನಟ್ ಬಟರ್‌ಗೆ ಸ್ವಲ್ಪ ನೀರು ಬಿದ್ದರೆ ಅದು ತೆಳ್ಳಗಾಗುವ ಬದಲು ಬಿಗಿದುಕೊಂಡು ಗಂಟಾಗುತ್ತದೆ. ಮೊದಲ ಬಾರಿ ನಾನು ಹೀಗೆಯೇ ಮಾಡಿ, ಗಂಟು ಬಿಡಿಸಲು ಮತ್ತಷ್ಟು ನೀರು ಹಾಕಿ, ಕೊನೆಗೆ ಅದನ್ನು ಗಂಜಿಯಂತೆ ಬಟ್ಟಲಿನಲ್ಲಿ ಹಾಕಿಕೊಂಡು ಚಮಚದಿಂದ ತಿಂದದ್ದುಂಟು.

ಪ್ರಶ್ನೆ: ಖರ್ಜೂರ ಮತ್ತು ಬಾದಾಮಿಯನ್ನು ಮಿಕ್ಸಿಯಲ್ಲಿ ರುಬ್ಬಿ ಉಂಡೆ ಮಾಡಿದೆ. ಮಿಶ್ರಣದಿಂದ ಎಣ್ಣೆ ಬಿಟ್ಟುಕೊಂಡಿತು, ಮಿಕ್ಸಿಯೂ ಬಿಸಿಯಾಗಿ ನಿಂತಿತು. ಎಲ್ಲಿ ತಪ್ಪಾಯಿತು?

ಉತ್ತರ: ಎರಡನ್ನೂ ಒಟ್ಟಿಗೆ ಹಾಕಿ, ಬಹಳ ಹೊತ್ತು ತಿರುಗಿಸಿದ್ದೀರಿ. ಬಾದಾಮಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ವಾಲ್‌ನಟ್‌ನಲ್ಲಿ ಸುಮಾರು ಮೂರನೆಯ ಎರಡು ಭಾಗ ಕೊಬ್ಬೇ ಇರುವುದರಿಂದ, ಖರ್ಜೂರದ ಅಂಟಿಗೆ ಬ್ಲೇಡು ಸಿಕ್ಕಿಹಾಕಿಕೊಂಡು ಜಾರು ಬಿಸಿಯಾದಾಗ ಬೀಜ ಪುಡಿಯಾಗುವ ಹಂತವನ್ನು ದಾಟಿ ಎಣ್ಣೆ ಬಿಡುತ್ತದೆ. ಬೀಜವನ್ನು ಹುರಿಯುವುದಿದ್ದರೆ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಪೂರ್ತಿ ಆರಿಸಿರಿ, ಏಕೆಂದರೆ ಬೆಚ್ಚಗಿರುವ ಬೀಜ ಇನ್ನೂ ಬೇಗ ಎಣ್ಣೆ ಬಿಡುತ್ತದೆ. 150 ಗ್ರಾಂ ಬೀಜವನ್ನು ಮೊದಲು ಬಿಟ್ಟುಬಿಟ್ಟು ತಿರುಗಿಸಿ ತರಿತರಿಯಾಗಿ ಪುಡಿಮಾಡಿ ತೆಗೆದಿಟ್ಟುಕೊಳ್ಳಿ. ಬೀಜ ತೆಗೆದ 200 ಗ್ರಾಂ ಖರ್ಜೂರವನ್ನು ಬೇರೆಯಾಗಿ, ಸ್ವಲ್ಪ ಸ್ವಲ್ಪವೇ ಹಾಕಿ ರುಬ್ಬಿ, ಆಮೇಲೆ ಎರಡನ್ನೂ ಪಾತ್ರೆಯಲ್ಲಿ ಕೈಯಿಂದಲೇ ನಾದಿ ಬೆರೆಸಿರಿ.

ಖರ್ಜೂರ ಒಣಗಿ ಗಟ್ಟಿಯಾಗಿದ್ದರೆ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ನೀರನ್ನು ಬಸಿದು, ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಬೇಕು. ಒರೆಸುವ ಕೆಲಸವನ್ನು ಬಿಟ್ಟವರ ಉಂಡೆ ಸಂಜೆಯ ಹೊತ್ತಿಗೆ ತಟ್ಟೆಯ ಮೇಲೆ ಕುಸಿದು ಚಪ್ಪಟೆಯಾಗಿ ಕುಳಿತಿರುತ್ತದೆ. ಈಗಾಗಲೇ ಎಣ್ಣೆ ಬಿಟ್ಟಿರುವ ಮಿಶ್ರಣವನ್ನು ಎಸೆಯಬೇಕಿಲ್ಲ. ಇಪ್ಪತ್ತು ನಿಮಿಷ ತಣ್ಣಗಾಗಿಸಿ, ಓಟ್ಸ್ ಪುಡಿಯನ್ನೋ ಕೊಕೊ ಪುಡಿಯನ್ನೋ ಎರಡು ಚಮಚ ಬೆರೆಸಿ, ಹೆಚ್ಚು ಒತ್ತದೆ ಹಗುರ ಕೈಯಲ್ಲಿ ಉಂಡೆ ಮಾಡಿರಿ.

ಪ್ರಶ್ನೆ: ಓಟ್ಸನ್ನು ಹಸಿಯಾಗಿ ತಿನ್ನಬಹುದೇ? ಓಟ್ಸ್ ಇಲ್ಲದಿದ್ದಾಗ ಗೋಧಿ ಹಿಟ್ಟು ಅಥವಾ ಮೈದಾ ಹಾಕಿದರೆ ಆಗುವುದೇ?

ಉತ್ತರ: ಪ್ಯಾಕೆಟ್ಟಿನಲ್ಲಿ ಬರುವ ಚಪ್ಪಟೆ ಓಟ್ಸ್ ನೋಡಲು ಹಸಿಯಾಗಿ ಕಂಡರೂ ಹಾಗಿರುವುದಿಲ್ಲ. ಕಾರ್ಖಾನೆಯಲ್ಲಿ ಕಾಳನ್ನು ಹಬೆಯಲ್ಲಿ ಬಿಸಿಮಾಡಿದ ಮೇಲೆಯೇ ಉರುಳೆಗಳ ನಡುವೆ ಒತ್ತುತ್ತಾರೆ, ಆದ್ದರಿಂದ ಅದು ಅರೆಬೆಂದ ಪದಾರ್ಥವೇ ಹೌದು. ಗೋಧಿ ಹಿಟ್ಟು ಮತ್ತು ಮೈದಾ ಹಾಗಲ್ಲ. ಅವು ಸಾಮಾನ್ಯವಾಗಿ ಹಸಿ ಕಾಳನ್ನು ಬೀಸಿ ತಯಾರಾದವು, ಹೊಲದಲ್ಲಿ ಕಾಳಿಗೆ ಅಂಟಿಕೊಂಡ ಸಾಲ್ಮೊನೆಲ್ಲಾ ಅಥವಾ ಇ. ಕೋಲೈ ಬ್ಯಾಕ್ಟೀರಿಯಾ ಬೀಸುವುದರಿಂದ ಸಾಯುವುದಿಲ್ಲ. ರೊಟ್ಟಿಯಲ್ಲೋ ಕೇಕಿನಲ್ಲೋ ಬೆಂದಾಗ ಆ ಭಯವಿಲ್ಲ, ಆದರೆ ಬೇಯಿಸದ ಉಂಡೆಯಲ್ಲಿ ಅವು ಹಾಗೆಯೇ ಉಳಿಯುತ್ತವೆ. ಬಾಣಲೆಯಲ್ಲಿ ಹುರಿದು ಹಾಕಬಹುದಲ್ಲವೇ ಎಂದು ಇನ್ನೊಬ್ಬರು ಕೇಳಿದ್ದಾರೆ. ತೇವವಿಲ್ಲದ ಹಿಟ್ಟಿನಲ್ಲಿ ಈ ಸೂಕ್ಷ್ಮಜೀವಿಗಳು ಶಾಖವನ್ನು ಹೆಚ್ಚು ತಡೆದುಕೊಳ್ಳುತ್ತವೆ, ಬಾಣಲೆಯಲ್ಲಿ ಹಿಟ್ಟು ಎಲ್ಲ ಕಡೆ ಒಂದೇ ಸಮನಾಗಿ ಬಿಸಿಯಾಗುವುದೂ ಇಲ್ಲ. ಬಣ್ಣ ತಿರುಗಿದ ಮಾತ್ರಕ್ಕೆ ಹಿಟ್ಟು ನಿರಪಾಯವಾಯಿತೆಂದು ನಾನಂತೂ ಬರೆದುಕೊಡಲಾರೆ. ಹಿಟ್ಟಿನ ನುಣುಪು ಬೇಕೆಂದಿದ್ದರೆ ಓಟ್ಸನ್ನೇ ಮಿಕ್ಸಿಯಲ್ಲಿ ಪುಡಿಮಾಡಿ ಜರಡಿ ಹಿಡಿಯಿರಿ.

ಪ್ರಶ್ನೆ: ಮನೆಯಲ್ಲಿ ಹತ್ತು ತಿಂಗಳ ಕೂಸೂ ಮೂರು ವರ್ಷದ ಮಗುವೂ ಇದ್ದಾರೆ. ಇಬ್ಬರಿಗೂ ಈ ಉಂಡೆ ಕೊಡಬಹುದೇ?

ಉತ್ತರ: ಕೂಸಿಗೆ ಖಂಡಿತ ಬೇಡ. ಒಂದು ವರ್ಷ ತುಂಬದ ಮಕ್ಕಳಿಗೆ ಜೇನುತುಪ್ಪವನ್ನು ಯಾವ ರೂಪದಲ್ಲಿಯೂ ಕೊಡಬಾರದು. ಅದರಲ್ಲಿ ಇರಬಹುದಾದ ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಕಗಳು ಕೂಸಿನ ಕರುಳಿನಲ್ಲಿ ಬೆಳೆದು ವಿಷವನ್ನು ಉಂಟುಮಾಡಬಲ್ಲವು, ಮತ್ತು ಅವು ಫ್ರಿಜ್ಜಿನ ತಂಪಿಗಾಗಲಿ ಅಡುಗೆಯ ಬಿಸಿಗಾಗಲಿ ನಾಶವಾಗುವುದಿಲ್ಲ. ಮೂರು ವರ್ಷದ ಮಗುವಿಗೆ ಭಯವಿರುವುದು ಆಕಾರದಿಂದ. ಗುಂಡಗಿನ, ಅಂಟಾದ ತುತ್ತು ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ಬೀಜಗಳನ್ನು ನುಣ್ಣಗೆ ಪುಡಿಮಾಡಿ ಹಾಕಿ, ಉಂಡೆಯನ್ನು ಚಿಕ್ಕ ಚೂರುಗಳಾಗಿ ಮುರಿದು, ಮಗುವನ್ನು ಕೂರಿಸಿಕೊಂಡು ಎದುರಿಗಿದ್ದೇ ತಿನ್ನಿಸಿರಿ. ಮನೆಗೆ ಬರುವ ಬೇರೆ ಮಕ್ಕಳಿಗೆ ಕೊಡುವ ಮುನ್ನ ಕಡಲೆಕಾಯಿ ಅಥವಾ ಬಾದಾಮಿಯ ಅಲರ್ಜಿ ಇದೆಯೇ ಎಂದು ಅವರ ಹೆತ್ತವರನ್ನು ಕೇಳುವುದನ್ನು ಮರೆಯಬೇಡಿ.

ಪ್ರಶ್ನೆ: ಈ ಉಂಡೆಗಳಲ್ಲಿ ಸಕ್ಕರೆ ಇಲ್ಲವಲ್ಲ, ಹಾಗಾದರೆ ತೂಕ ಇಳಿಸಿಕೊಳ್ಳುವವರು ಎಷ್ಟಾದರೂ ತಿನ್ನಬಹುದೇ?

ಉತ್ತರ: ಸಕ್ಕರೆ ಡಬ್ಬದಿಂದ ಬರಲಿಲ್ಲವೆಂದ ಮಾತ್ರಕ್ಕೆ ಉಂಡೆಯಲ್ಲಿ ಸಕ್ಕರೆಯಿಲ್ಲವೆಂದಲ್ಲ. ಜೇನುತುಪ್ಪದ ತೂಕದಲ್ಲಿ ಐದರಲ್ಲಿ ನಾಲ್ಕು ಭಾಗ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆಯು 2015ರ ತನ್ನ ಮಾರ್ಗಸೂಚಿಯಲ್ಲಿ ಮಿತಿಗೊಳಿಸಬೇಕೆಂದು ಹೇಳಿರುವ ಸಕ್ಕರೆಗಳ ಲೆಕ್ಕಕ್ಕೆ ಜೇನನ್ನೂ ಸೇರಿಸಿದೆ. ಮೇಲೆ ಹೇಳಿದ ಅಳತೆಯಲ್ಲಿ ಜೇನಿನಿಂದಲೇ ಒಂದು ಉಂಡೆಗೆ ಸುಮಾರು 4 ಗ್ರಾಂ ಸಕ್ಕರೆ ಬರುತ್ತದೆ, ಮತ್ತು ಒಂದು ಉಂಡೆಯ ಒಟ್ಟು ಶಕ್ತಿ ಹೆಚ್ಚುಕಡಿಮೆ 90 ಕಿಲೋ ಕ್ಯಾಲೊರಿ. ಮಾತನಾಡುತ್ತಾ ಐದು ಉಂಡೆ ತಿಂದವರು ಒಂದು ಸಣ್ಣ ಊಟದಷ್ಟನ್ನೇ ತಿಂದಂತಾಯಿತು. ಉತ್ತಮ ತಿಂಡಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ: ನಾರಿದೆ, ಪ್ರೋಟೀನ್ ಇದೆ, ಎರಡು ಉಂಡೆಗೆ ಹಸಿವು ನಿಲ್ಲುತ್ತದೆ. ಆ ಎರಡಕ್ಕೇ ಡಬ್ಬದ ಮುಚ್ಚಳ ಹಾಕುವುದು ಮೇಲು. ಮಧುಮೇಹವಿರುವವರು ಖರ್ಜೂರದ ಉಂಡೆಯನ್ನೂ ಲೆಕ್ಕವಿಟ್ಟೇ ತಿನ್ನಬೇಕು, ಏಕೆಂದರೆ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯಿದೆ.

ಪ್ರಶ್ನೆ: ಎಷ್ಟು ದಿನ ಇಟ್ಟುಕೊಳ್ಳಬಹುದು? ತೆಂಗಿನೆಣ್ಣೆ ಹಾಕಿ ಮಾಡಿದ ಉಂಡೆ ಊಟದ ಡಬ್ಬಿಯಲ್ಲಿ ಕರಗಿಹೋಯಿತು.

ಉತ್ತರ: ಗಾಳಿಯಾಡದ ಡಬ್ಬದಲ್ಲಿ, ಪದರಗಳ ನಡುವೆ ಬೆಣ್ಣೆ ಕಾಗದ ಹಾಕಿ ಇಟ್ಟರೆ ಫ್ರಿಜ್ಜಿನಲ್ಲಿ ಒಂದು ವಾರ, ಫ್ರೀಜರಿನಲ್ಲಿ ಎರಡು ತಿಂಗಳು ರುಚಿ ಕೆಡದೆ ಇರುತ್ತವೆ. ನೆನೆಸಿದ ಖರ್ಜೂರವನ್ನೋ ಹಾಲನ್ನೋ ಬಳಸಿದ್ದರೆ ತೇವ ಹೆಚ್ಚಿರುವುದರಿಂದ ಮೂರು ನಾಲ್ಕು ದಿನಗಳಲ್ಲಿ ಮುಗಿಸಿರಿ. ವಾಲ್‌ನಟ್ ಮತ್ತು ಅಗಸೆ ಪುಡಿಯ ಕೊಬ್ಬು ಗಾಳಿಗೆ ಬೇಗ ಕೆಡುತ್ತದೆ; ಹಳೆಯ ಎಣ್ಣೆಯಂತೆ ಕಮಟು ವಾಸನೆ ಬಂದರೆ ಎಸೆಯಬೇಕು, ಮತ್ತು ಅಗಸೆಯನ್ನು ಆಯಾ ಹೊತ್ತಿಗೆ ಪುಡಿಮಾಡಿಕೊಳ್ಳುವುದು ಲೇಸು.

ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಫ್ರಿಜ್ಜಿನಲ್ಲಿ ಕಲ್ಲಿನಂತಿದ್ದ ಉಂಡೆ ಬೆಚ್ಚಗಿನ ಡಬ್ಬಿಯಲ್ಲಿ ಒದ್ದೆಯಾದದ್ದು ಇದರಿಂದಲೇ. ಹೊರಗೆ ಒಯ್ಯುವ ಉಂಡೆಗೆ ಖರ್ಜೂರದ ಅಂಟೇ ಸಾಕು, ಎಣ್ಣೆ ಬೇಡ. ಮೇಲೆ ಚಾಕೊಲೇಟ್ ಲೇಪಿಸಿದ ಉಂಡೆಯನ್ನೂ ಅದೇ ಡಬ್ಬಿಗೆ ಹಾಕಬೇಡಿ, ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ.