ಸಾಮಾನು ಕೊನೆಗೆ ಯಾರ ಮನೆ ಸೇರಿತು?

ನಿಮ್ಮ ಅತ್ತಿಗೆ ಎಂಎಲ್‌ಎಂ (ಸದಸ್ಯರೇ ಸಾಮಾನು ಮಾರುತ್ತಾ, ಹೊಸ ಸದಸ್ಯರನ್ನೂ ಸೇರಿಸುತ್ತಾ ಹೋಗುವ) ಕಂಪನಿಯೊಂದಕ್ಕೆ ಸೇರಿದ್ದಾರೆ. ಪೌಷ್ಟಿಕ ಪುಡಿ ಮಾರುವ ಹರ್ಬಾಲೈಫ್ ಎಂಬ ಇಂಥದ್ದೇ ಕಂಪನಿ ಬಗ್ಗೆ ಇರುವ 'ಬೆಟ್ಟಿಂಗ್ ಆನ್ ಜೀರೋ' ಡಾಕ್ಯುಮೆಂಟರಿ ನೋಡಿ ಎಂದರೆ "ಅದೆಲ್ಲ ಕಂಪನಿ ಮುಳುಗಲಿ ಅಂತ ಕಾಯುವವರು ಮಾಡಿಸಿದ್ದು" ಅನ್ನುತ್ತಾರೆ. ಇದು ನಿಜವಾ ಅಂತ ಕೇಳಿದ್ದೀರಿ. ಅತ್ತಿಗೆ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ಅದರಲ್ಲಿ ಒಂದಿಷ್ಟು ಹುರುಳಿದೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ, ಯಾಕಂದ್ರೆ ನಾನೂ ಹೊರಗೆ ನಿಂತು ನೋಡಿದವನಲ್ಲ. ಒಂದೂವರೆ ವರ್ಷ ಇಂಥದ್ದೇ ಒಂದು ಕಂಪನಿಯಲ್ಲಿದ್ದೆ. ಹೆಸರು ಬೇಡ. ನಮ್ಮ ಮನೆಯ ಅಟ್ಟದಲ್ಲಿ ಇವತ್ತಿಗೂ ಎರಡು ರಟ್ಟಿನ ಡಬ್ಬದ ತುಂಬ ಟೂತ್‌ಪೇಸ್ಟು, ಪಾತ್ರೆ ತೊಳೆಯುವ ಲಿಕ್ವಿಡ್ಡು ಕೂತಿದೆ. ತಿಂಗಳ ಕೊನೆಯ ದಿನ ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಅಪ್‌ಲೈನ್, ಅಂದ್ರೆ ನನ್ನನ್ನು ಸೇರಿಸಿದವರ, ಫೋನ್ ಬರುತ್ತಿತ್ತು: "ಇನ್ನು ಬರೀ ನಲವತ್ತು ಪಾಯಿಂಟ್ ಕಣೋ, ಹಾಕ್ಬಿಡು, ಲೆವೆಲ್ ಉಳಿಯುತ್ತೆ." ಕ್ರೆಡಿಟ್ ಕಾರ್ಡ್ ಉಜ್ಜಿ ಅಷ್ಟು ಪಾಯಿಂಟಿನ ಸಾಮಾನು ನಾನೇ ಕೊಂಡುಬಿಡುತ್ತಿದ್ದೆ. ಕಂಪನಿಯ ಲೆಕ್ಕದಲ್ಲಿ ಅದು ಮಾರಾಟ. ಸಾಮಾನು ಮಾತ್ರ ನೇರ ಅಟ್ಟಕ್ಕೆ.

ಈಗ ಡಾಕ್ಯುಮೆಂಟರಿಗೆ ಬರೋಣ. ಟೆಡ್ ಬ್ರೌನ್ ನಿರ್ದೇಶಿಸಿದ ಇದು 2016ರಲ್ಲಿ ಬಂತು. ಹೆಡ್ಜ್ ಫಂಡ್ (ಶ್ರೀಮಂತರ ದುಡ್ಡು ಹೂಡುವ ನಿಧಿ) ನಡೆಸುವ ಬಿಲ್ ಆಕ್ಮನ್ ಇದರಲ್ಲಿ ಹೆಚ್ಚುಕಡಿಮೆ ಹೀರೋ. 2012ರ ಡಿಸೆಂಬರ್‌ನಲ್ಲಿ ಅವರು ಮೂರು ಗಂಟೆಗೂ ಜಾಸ್ತಿ ಹೊತ್ತು ಸ್ಲೈಡ್ ತೋರಿಸಿ, ಹರ್ಬಾಲೈಫ್ ಒಂದು ಪಿರಮಿಡ್ ಸ್ಕೀಮ್, ಅಂದ್ರೆ ಸಾಮಾನು ಮಾರುವುದಕ್ಕಿಂತ ಹೊಸಬರನ್ನು ಸೇರಿಸುವುದರಿಂದಲೇ ದುಡ್ಡು ಹುಟ್ಟುವ ಮೋಸ, ಎಂದು ಆರೋಪಿಸಿದರು. ಅಷ್ಟರಲ್ಲಿ ಸುಮಾರು 100 ಕೋಟಿ ಡಾಲರ್‌ನಷ್ಟು ಷೇರು ಶಾರ್ಟ್ ಮಾಡಿದ್ದರು. ಶಾರ್ಟ್ ಅಂದ್ರೆ, ಪಕ್ಕದ ಮನೆಯಿಂದ ಹತ್ತು ಮೂಟೆ ಈರುಳ್ಳಿ ಸಾಲ ತಂದು ಇವತ್ತಿನ ರೇಟಿಗೆ ಮಾರುವುದು. ರೇಟು ಬಿದ್ದ ಮೇಲೆ ಹತ್ತು ಮೂಟೆ ಅಗ್ಗಕ್ಕೆ ಕೊಂಡು ವಾಪಸ್ ಕೊಡುವುದು. ನಡುವೆ ಉಳಿದದ್ದು ಲಾಭ. ಹಾಗೆ ಮಾರಿದವರೇ "ಈರುಳ್ಳಿ ಕೊಳೆತಿದೆ" ಅಂತ ಊರೆಲ್ಲ ಸಾರಿದರೆ ಅನುಮಾನ ಬರುತ್ತೆ, ಅಲ್ವಾ? ತನ್ನ ಪಾಲಿಗೆ ಬರುವ ಲಾಭವನ್ನು ದಾನ ಮಾಡುತ್ತೇನೆ ಎಂದಿದ್ದರು. ಲಾಭ ಬರಲೇ ಇಲ್ಲ ಅನ್ನುವುದು ಬೇರೆ ಮಾತು. 2018ರಲ್ಲಿ ನಷ್ಟ ಮಾಡಿಕೊಂಡು ಹೊರಬಂದರು.

ಆಕ್ಮನ್ ದುಡ್ಡಿನಲ್ಲಿ ಮಾಡಿದ್ದು ಎಂಬ ಮಾತನ್ನು ಬ್ರೌನ್ ಅಲ್ಲಗಳೆದಿದ್ದಾರೆ. ಆಕ್ಮನ್ ಹಿತಾಸಕ್ತಿಯನ್ನೂ ಮುಚ್ಚಿಟ್ಟಿಲ್ಲ, ಹೆಸರಿನಲ್ಲೇ 'ಬೆಟ್ಟಿಂಗ್' ಇದೆ. ಆದರೂ ಅವರನ್ನೇ ಜಾಸ್ತಿ ಹಿಂಬಾಲಿಸುವುದರಿಂದ ಶ್ರೀಮಂತರ ಜಗಳವೇ ದೊಡ್ಡದಾಗಿ ಕಾಣುತ್ತದೆ. ಇದು ನನ್ನ ತಕರಾರು. ಕಂಪನಿಯ ಮಾತು ಕಡಿಮೆ ಇದೆ ಅನ್ನುವುದನ್ನು ಮಾತ್ರ ನಾನು ಅನ್ಯಾಯ ಅನ್ನುವುದಿಲ್ಲ. ಸಂದರ್ಶನಕ್ಕೆ ಬರಲೊಪ್ಪದವರು ಕಂಪನಿಯವರೇ. ವಾಷಿಂಗ್ಟನ್‌ನ ಒಂದು ಪ್ರದರ್ಶನಕ್ಕಂತೂ ಕಂಪನಿ ಪರದ ಲಾಬಿಗಾರರು ನೂರಕ್ಕೂ ಹೆಚ್ಚು ಟಿಕೆಟ್ ಕೊಂಡು ಸೀಟು ಖಾಲಿ ಬಿಟ್ಟರು.

ಹಾಗಾದರೆ ಆರೋಪ ನಿಜವಾ? 2016ರ ಜುಲೈನಲ್ಲಿ ಹರ್ಬಾಲೈಫ್ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಂಡು 20 ಕೋಟಿ ಡಾಲರ್ ಕಟ್ಟಿತು. ಆ ಸಂಸ್ಥೆಯ ದೂರಿನಲ್ಲಿ 'ಪಿರಮಿಡ್' ಎಂಬ ಪದವೇ ಇಲ್ಲ. ಆದ್ದರಿಂದ "ಪಿರಮಿಡ್ ಅಂತ ಸಾಬೀತಾಗಿದೆ" ಅಂತ ಯಾರಾದರೂ ಹೇಳಿದರೆ ಅದು ತಪ್ಪು. "ಕ್ಲೀನ್ ಚಿಟ್ ಸಿಕ್ಕಿತು" ಅಂದರೆ ಅದೂ ತಪ್ಪು. ನ್ಯೂಟ್ರಿಷನ್ ಕ್ಲಬ್ (ಹರ್ಬಾಲೈಫ್ ಶೇಕ್ ಕುಡಿಸುವ ಸಣ್ಣ ಅಂಗಡಿ) ತೆರೆದವರು ಸರಾಸರಿ 8,500 ಡಾಲರ್ ಖರ್ಚು ಮಾಡಿದ್ದರು, ಅವರಲ್ಲಿ ಶೇ. 57ರಷ್ಟು ಜನ ಲಾಭವೇ ಇಲ್ಲ ಅಥವಾ ನಷ್ಟ ಎಂದಿದ್ದರು ಎಂದು ದೂರಿನಲ್ಲೇ ಇತ್ತು. 2017ರಲ್ಲಿ ಸುಮಾರು 3.5 ಲಕ್ಷ ಜನರಿಗೆ ಚೆಕ್ ಹೋಯಿತು. ರಾಜಿಯ ಷರತ್ತು ಓದಿದಾಗ ನನಗೆ ನಮ್ಮ ಅಟ್ಟ ನೆನಪಾಯಿತು. ವಿತರಕರಿಗೆ ಕೊಡುವ ಪ್ರತಿಫಲದಲ್ಲಿ ಕನಿಷ್ಠ ಮೂರನೇ ಎರಡು ಪಾಲು, ನಿಜವಾದ ಗಿರಾಕಿಗೆ ಮಾರಿದ್ದು ಎಂದು ಲೆಕ್ಕ ಸಿಗುವ ಸಾಮಾನಿನ ಮೇಲೆಯೇ ಇರಬೇಕು ಎಂದಿತ್ತು.

ಇನ್ನೊಂದು ಕಡೆ ಹುಷಾರಾಗಿರಿ. ಇಂಥ ಚಿತ್ರಗಳಲ್ಲಿ, ಯೂಟ್ಯೂಬಲ್ಲಿ "ನೂರಕ್ಕೆ 99 ಜನ ದುಡ್ಡು ಕಳೆದುಕೊಳ್ಳುತ್ತಾರೆ, ಸರ್ಕಾರವೇ ಹೇಳಿದೆ" ಅಂತ ಬರುತ್ತೆ. ಸರ್ಕಾರ ಹಾಗೆ ಹೇಳಿಲ್ಲ. ಅದು ಎಂಎಲ್‌ಎಂ ವಿರೋಧಿ ಸಂಶೋಧಕರೊಬ್ಬರ ಲೆಕ್ಕ. ಅವರು ಟ್ರೇಡ್ ಕಮಿಷನ್‌ಗೆ ಸಲ್ಲಿಸಿದ ಬರಹ ಅದರ ವೆಬ್‌ಸೈಟಿನಲ್ಲಿ ಇದೆ, ಅಷ್ಟೇ. ಸುಮ್ನೆ ರಿಯಾಯಿತಿಗಾಗಿ ಸೇರಿದವರನ್ನೂ ಆ ನೂರರಲ್ಲಿ ಸೇರಿಸಬೇಕಾ ಅನ್ನುವ ಪ್ರಶ್ನೆಯೂ ಉಳಿಯುತ್ತದೆ. ಅದಕ್ಕಿಂತ ಗಟ್ಟಿಯಾದದ್ದು ಟ್ರೇಡ್ ಕಮಿಷನ್ ಸಿಬ್ಬಂದಿಯ 2024ರ ವರದಿ. 70 ಎಂಎಲ್‌ಎಂ ಕಂಪನಿಗಳು ತಾವೇ ಪ್ರಕಟಿಸಿದ ಆದಾಯದ ಪಟ್ಟಿಗಳನ್ನು ಅವರು ಓದಿದರು. ಹೆಚ್ಚಿನ ಸದಸ್ಯರ ಕೈಗೆ ಬಂದದ್ದು ವರ್ಷಕ್ಕೆ 1,000 ಡಾಲರ್ ಅಥವಾ ಕಡಿಮೆ. ಅದರಲ್ಲಿ ಖರ್ಚು ಕಳೆದಿರಲಿಲ್ಲ. ಪೆಟ್ರೋಲ್, ಹಾಲ್ ಬಾಡಿಗೆ, ನನ್ನಂಥವರ ಅಟ್ಟ ಎಲ್ಲ ಆಮೇಲೆ.

ನ್ಯಾಯದ ದೃಷ್ಟಿಯಿಂದ ನನಗೆ ಹಿಡಿಸಿದ್ದು 2021ರ 'ಲುಲಾರಿಚ್'. ಲೆಗ್ಗಿಂಗ್ಸ್ ಮಾರುವ ಲುಲಾರೋ ಕಂಪನಿ ಕಟ್ಟಿದ ಗಂಡ ಹೆಂಡತಿ ಅದರಲ್ಲಿ ತಾವೇ ಕ್ಯಾಮೆರಾ ಮುಂದೆ ಕೂತು ಮಾತಾಡುತ್ತಾರೆ. ಪ್ರಮಾಣ ಮಾಡಿ ವಕೀಲರಿಗೆ ಕೊಟ್ಟ ಹೇಳಿಕೆಯ ವಿಡಿಯೋವೂ ಇದೆ. ಎರಡನ್ನೂ ನೋಡಿ ನೀವೇ ತೂಗಬಹುದು.

ಮೋಸ ಹೋದವರ ಮಾತನ್ನೂ ಕಣ್ಣು ಮುಚ್ಚಿ ನಂಬಬೇಡಿ. ಕ್ಯಾಮೆರಾ ಮುಂದೆ ಕೂರಿಸಿದ್ದರೆ ನಾನು ಅಟ್ಟದ ಕಥೆ ಚೆನ್ನಾಗಿ ಹೇಳುತ್ತಿದ್ದೆ. ಸೋದರಮಾವನ ಮಗಳಿಗೆ ಪ್ಲಾನ್ ತೋರಿಸಿ ಅವಳನ್ನೂ ಸದಸ್ಯೆ ಮಾಡಿ ಐಡಿ ಹಾಕಿಸಿದ್ದನ್ನು ಹೇಳುತ್ತಿದ್ದೆನಾ? ಅನುಮಾನ. ಅವಳು ಈಗಲೂ ಹಬ್ಬಕ್ಕೆ ಬಂದಾಗ ನನ್ನ ಹತ್ತಿರ ಅಷ್ಟಾಗಿ ಮಾತಾಡುವುದಿಲ್ಲ.

ಅತ್ತಿಗೆ ಹತ್ತಿರ ಡಾಕ್ಯುಮೆಂಟರಿ ಬಗ್ಗೆ ವಾದ ಬೇಡ. ಇಷ್ಟು ಕೇಳಿ ಸಾಕು: ಈ ತಿಂಗಳು ನಿಮ್ಮ ಟೀಮಿನಲ್ಲಿ ಇಲ್ಲದವರು, ಐಡಿ ಇಲ್ಲದವರು, ಎಷ್ಟು ಜನ ನಿಮ್ಮ ಹತ್ತಿರ ಸಾಮಾನು ಕೊಂಡರು? ಕೇಳುವಾಗ ದನಿ ಮೆತ್ತಗಿರಲಿ. ನನ್ನ ಅಮ್ಮ ಕೇಳಿದಾಗ ನಾನು ಎರಡು ದಿನ ಊಟ ಬಿಟ್ಟಿದ್ದೆ.